ಮೂರು ಸೆಂಟಿಮೀಟರ್ ಗಿಡ್ಡ

ಸುತ್ತಿಗೆ ಮೇಲೆದ್ದಿತ್ತು!

ಕೆಳಗೆ, ಮೇಜಿನ ಮೇಲೆ, ನನ್ನ ತಂಗಿಯ ಗಂಡನ ಬಲಗೈ. ಮೌಸ್ ಹಿಡಿದು ಸಂಸಾರ ಸಾಕುವ ಕೈ. ಇಬ್ಬರು ದಾಂಡಿಗರು ಅದನ್ನು ಒತ್ತಿ ಹಿಡಿದಿದ್ದರು.

"ಒಂದು ನಿಮಿಷ, ಯಜಮಾನರೇ!" ತಂಗಿಯ ಫೋನ್ ಬಂದ ಕೂಡಲೇ ಓಡಿಬಂದಿದ್ದ ನಾನು ಬಾಗಿಲು ತಳ್ಳಿಕೊಂಡು ನುಗ್ಗಿದೆ.

ಸುತ್ತಿಗೆ ಹಿಡಿದಿದ್ದ ಕಾರ್ಖಾನೆ ಯಜಮಾನರು ತಿರುಗಿದರು. "ಯಾರಯ್ಯಾ ನೀನು?"

"ಇವನ ಭಾವ. ಕಂಪನಿಗಳ ತಕರಾರು ಬಿಡಿಸೋದು ನನ್ನ ಕಸುಬು. ಏನಾಯ್ತು?"

ಅವರು ಗೋಡೆಗೆ ಒರಗಿಸಿದ್ದ ಕಾರಿನ ಬಾಗಿಲೊಂದಕ್ಕೆ ಒದ್ದರು. ತಗಡು ಝಣ್ ಎಂದಿತು.

"ಹಳೇ ಕಾರುಗಳಿಗೆ ಹೊಸ ಬಾಡಿ ಮಾಡ್ತಿದ್ದೀವಿ. ಬ್ಲೂಪ್ರಿಂಟ್ ಕೊಟ್ವಿ, ಇವನು ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಿಕೊಟ್ಟ. ನಂಬಿ ಪ್ರೆಸ್‌ನಲ್ಲಿ ತಗಡು ಒತ್ತಿಸಿ ನಲವತ್ತು ಬಾಗಿಲು ಮಾಡಿಸಿದ್ವಿ. ಎಲ್ಲಾ ಮೂರು ಸೆಂಟಿಮೀಟರ್ ಗಿಡ್ಡ! ನಮ್ಮ ಎದುರಾಳಿ ಜೊತೆ ಸೇರಿ ಬೇಕಂತಲೇ ಕೆಡಿಸಿದ್ದಾನೆ!"

"ಇಲ್ಲ ಭಾವ..." ತಂಗಿಯ ಗಂಡ ಕಂಪ್ಯೂಟರ್ ಕಡೆ ಗೋಣು ಆಡಿಸಿದ. "ಗೆರೆ ಮೇಲೇ ಗೆರೆ ಎಳೆದಿದ್ದೀನಿ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

ಸ್ಕ್ರೀನ್ ನೋಡಿದೆ. ಕೆಳಗೆ ಬ್ಲೂಪ್ರಿಂಟ್, ಮೇಲೆ ಮಾಡೆಲ್. ನಿಜ, ಗೆರೆಗಳು ಕೂಡಿದ್ದವು. ಆದರೆ...

"ಚಕ್ರ ಎಲ್ಲೋ?"

"ಮುಚ್ಚಿಟ್ಟಿದ್ದೀನಿ ಭಾವ. ಚಕ್ರ ನನ್ನ ಕೆಲಸ ಅಲ್ಲ. ನಾನು ಬರೀ ಬಾಡಿ."

"ತೆಗೆಯೋ!"

ತೆಗೆದ. ಸ್ಕ್ರೀನಿನ ಮೇಲೆ ಸ್ಕೇಲ್ ಇಟ್ಟೆ. ಚಕ್ರದ ಅಗಲ ಅರವತ್ತೆರಡು ಮಿಲಿಮೀಟರ್. ಎತ್ತರ ಅರವತ್ತು!

"ಯಜಮಾನರೇ, ನಿಮ್ಮ ಕಾರು ಮೊಟ್ಟೆ ಮೇಲೆ ಓಡುತ್ತಾ? ಯಾರೋ ಈ ಚಿತ್ರವನ್ನ ಅಡ್ಡಕ್ಕೆ ಎಳೆದು ಹಿಗ್ಗಿಸಿದ್ದಾರೆ. ಇವನು ಕಾರಿನ ಉದ್ದ ನಂಬಿ ಅಳತೆ ಕೂರಿಸಿದ. ಎತ್ತರ ಕುಗ್ಗಿತು. ಕಾಗದ ಸ್ಕ್ಯಾನ್ ಮಾಡಿದ್ದು ಯಾರು?"

"ನಮ್ಮ ಮ್ಯಾನೇಜರ್. ಇಲ್ಲೇ ನಿಂತಿದ್ರು..."

ಇರಲಿಲ್ಲ! ಮೂಲ ಬ್ಲೂಪ್ರಿಂಟ್ ಸುತ್ತಿ ಬೀರುವಿನ ಮೇಲಿಟ್ಟಿದ್ದ ಕೊಳವೆಯೂ ಇರಲಿಲ್ಲ.

ಓಡಿದೆ.

ಪ್ರೆಸ್ ಶಾಪಿನಲ್ಲಿ ಅವನ ಬೆನ್ನು ಕಂಡಿತು. ಜೋಡಿಸಿಟ್ಟ ಬಾಗಿಲುಗಳನ್ನು ನನ್ನ ಮೇಲೆ ಉರುಳಿಸಿದ. ಹಾರಿದೆ. ಪೇಂಟಿಂಗ್ ಶೆಡ್ಡಿನಲ್ಲಿ ಹಸಿ ಬಣ್ಣದ ಬಾನೆಟ್ಟಿಗೆ ಉಜ್ಜಿಕೊಂಡು ಹೋದೆ. ಅಂಗಿಯ ಅರ್ಧ ಕೆಂಪು! ಗೇಟು ದಾಟಿ ಅವನು ಚಲಿಸುತ್ತಿದ್ದ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ. ಕಾಲರ್ ಹಿಡಿದು ಎಳೆದೆ. ಇಬ್ಬರೂ ರಸ್ತೆಗೆ ಬಿದ್ದೆವು.

"ಕೊಳವೆ ಕೊಡು. ಇಲ್ಲಾಂದ್ರೆ ಆ ಬಾಗಿಲಿಗಿಂತ ಗಿಡ್ಡ ಆಗ್ತೀಯ!"

"ಕೊಡ್ತೀನಿ ಸಾರ್... ಸ್ಕ್ಯಾನ್ ಮಾಡಿದಾಗ ಚಿತ್ರದ ಪಕ್ಕದಲ್ಲಿ ಬಿಳಿ ಜಾಗ ಅಸಹ್ಯವಾಗಿ ಕಾಣ್ತಿತ್ತು. ಪುಟ ತುಂಬಲಿ ಅಂತ ಒಂಚೂರು ಎಳೆದೆ..."

"ಅಷ್ಟೇನಾ?"

"ಅಷ್ಟೇ ಸಾರ್!"

ಅಷ್ಟಕ್ಕೆ ಒಬ್ಬನ ಐದು ಬೆರಳು!

ಅವನನ್ನು ಎಳೆದುಕೊಂಡು ವಾಪಸ್ ಬಂದೆ. ಮೂಲ ಕಾಗದವನ್ನು ಮೇಜಿನ ಮೇಲೆ ಬಿಡಿಸಿದೆ. ಚಕ್ರ ಗುಂಡಗೆ ನಗುತ್ತಿತ್ತು.

ಯಜಮಾನರು ಮ್ಯಾನೇಜರನ್ನು ನೋಡಿದರು. ಈಗ ಸುತ್ತಿಗೆ ಬೀಳುತ್ತದೆ ಎಂದುಕೊಂಡೆ. ಅವರು ಕೆಮ್ಮಿದರು.

"ಹೋಗ್ಲಿ ಬಿಡಿ... ಮಿಸ್ಟೇಕ್ ಯಾರಿಂದ ಆಗಲ್ಲ? ಇವರು ನಮ್ಮ ಅಳಿಯಂದ್ರು."

ಮೈ ಉರಿಯಿತು! ನಮ್ಮನೆ ಅಳಿಯ ಮಾಡಿದರೆ ಮೋಸ. ಅವರ ಮನೆ ಅಳಿಯ ಮಾಡಿದರೆ ಮಿಸ್ಟೇಕ್!

"ಏಳೋ, ಮನೆಗೆ ನಡಿ," ಎಂದೆ ಇವನಿಗೆ.

ಏಳಬೇಕಲ್ಲ! ಆಗಲೇ ಆ ಕಾಗದವನ್ನು ಸ್ಕ್ಯಾನ್ ಮಾಡಿ, ಕುರ್ಚಿ ಎಳೆದುಕೊಂಡು ಕೂತಿದ್ದ. "ಒಂದೇ ಒಂದು ಬಾಗಿಲು ಭಾವ, ಈಗ ಸರಿ ಮಾಡ್ತೀನಿ." ಹೊಸ ಚಿತ್ರ ಸ್ಕ್ರೀನಿಗೆ ಬಂತು. ಮೊದಲು ಮಾಡಿದ ಕೆಲಸವೇನು ಗೊತ್ತೇ?

ಚಕ್ರ ಮುಚ್ಚಿದ!

"ಅಡ್ಡ ಬರುತ್ತೆ ಭಾವ..."

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತಂಗಿ. ಅಳುತ್ತಿದ್ದಳು.

"ನಿನ್ನ ಗಂಡನ ಕೈ ಉಳೀತು ಕಣೇ," ಎಂದೆ. "ತಲೆ ವಿಚಾರ ಮಾತ್ರ ನನ್ನ ಕೇಳಬೇಡ!"