ಹಗ್ಗಕ್ಕೆ ಹಚ್ಚಿದ ಎಣ್ಣೆ

"ಹಗ್ಗಕ್ಕ ಎಣ್ಣಿ ಯಾರು ಹಚ್ಚಿದ್ರು?"

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಉಳವಪ್ಪಜ್ಜ ಮೆಲ್ಲಗೆ ಕೇಳಿದ. ಮೊಮ್ಮಗಳು ಶಿವರಂಜನಿ ಎದುರಿಗೇ ನಿಂತಿದ್ದಳು. ಕುಸುಬಿ ಎಣ್ಣೆಯ ಬಾಟಲಿ ಮಗ್ಗದ ಬದಿಗೇ ಇತ್ತು. ಸುಳ್ಳು ಹೇಳಲಿಕ್ಕೂ ದಾರಿಯಿರಲಿಲ್ಲ.

ಪಾಪ, ಅವಳ ಲೆಕ್ಕವೇ ಬೇರೆಯಿತ್ತು. ನಿನ್ನೆ ಸೈನ್ಸ್ ಟೀಚರ್ ಘರ್ಷಣೆಯ ಪಾಠ ಮಾಡಿದ್ದರು. ತಿಕ್ಕಾಡುವ ಕಡೆ ಎಣ್ಣೆ ಬಿಟ್ಟರೆ ಕೆಲಸ ಹಗುರ ಎಂದಿದ್ದರು. ಅಜ್ಜನಿಗೋ ರಟ್ಟೆನೋವು. ಅಕ್ಕ ಅಂಕಿತಾಳ ಮದುವೆಗೆ ಇನ್ನು ಎಂಟೇ ದಿನ. ಅವಳ ಮದುವೆ ಸೀರೆಯನ್ನು ತಾನೇ ನೇಯುತ್ತೇನೆ, ಅದೇ ತನ್ನ ಕಡೆಯ ಸೀರೆ ಎಂದು ಅಜ್ಜ ಹಟ ಹಿಡಿದಿದ್ದ.

ಬೆಳಗ್ಗೆ ಅವನು ಹಿಟ್ಟಿನ ಗಿರಣಿಗೆ ಹೋದಾಗ ಈ ಜಾಣೆ ಮಗ್ಗದ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಳು. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ನೂಲಿನ ಉರುಳೆಗೆ ಬಿಗಿದಿದ್ದ ಹಗ್ಗಕ್ಕೂ ಸುರಿದುಬಿಟ್ಟಳು.

ಆ ಹಗ್ಗ ಹಿಡಿದಿದ್ದರೇ ಉರುಳೆ ನಿಲ್ಲುವುದು, ನೂಲು ಬಿಗಿಯಾಗಿರುವುದು. ಅಜ್ಜ ಬಂದು ನೇಯಲು ಕೂತು ಮಗ್ಗದ ಹಲಗೆಯನ್ನು ಒಮ್ಮೆ ಬಡಿದನೋ ಇಲ್ಲವೋ, ಹಗ್ಗ ಜಾರಿತು. ಉರುಳೆ ಗರಗರ ತಿರುಗಿತು. ರೇಷ್ಮೆ ಎಳೆಗಳು ಜೋತುಬಿದ್ದು ಒಂದಕ್ಕೊಂದು ಸಿಕ್ಕುಬಿದ್ದವು.

"ನಾನ ಅಜ್ಜಾ. ನಿನಗ ಹಗುರ ಆಗ್ಲಿ ಅಂತ..."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಜ್ಜ ಬೈಯಲಿಲ್ಲ. ಒಲೆಯ ಬೂದಿ ತರಿಸಿ ಹಗ್ಗಕ್ಕೆ ತಿಕ್ಕಿದ. ಹಗ್ಗವೇನೋ ಹಿಡಿಯಿತು. ಆದರೆ ಎಣ್ಣೆ ಉರುಳೆಯ ಒಳಸುತ್ತಿನವರೆಗೂ ಇಳಿದಿತ್ತು. ಇಬ್ಬರೂ ಕೂಡಿ ಬಿಚ್ಚುತ್ತ ಹೋದರು. ಪ್ರತಿ ಸುತ್ತಿನಲ್ಲೂ ಜಿಡ್ಡು, ಪ್ರತಿ ಸುತ್ತಿನಲ್ಲೂ ಕಲೆ. ಮಧ್ಯಾಹ್ನದ ಹೊತ್ತಿಗೆ ಅಜ್ಜ ಕೈಬಿಟ್ಟ.

"ನೂಲು ಹೋತು ಯವ್ವಾ. ಅಂಕಿತಾಗ ಅಂಗಡಿ ಸೀರಿನ ತರೂಣು."

ಕತ್ತರಿ ತೆಗೆದುಕೊಂಡು ಎಳೆಗಳನ್ನು ಕತ್ತರಿಸಿದ. ಅರ್ಧ ನೇಯ್ದ ಸೀರೆ ಮಡಿಲಿಗೆ ಬಿತ್ತು. ಅದನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ. ಶಿವರಂಜನಿಗೆ ಅಳು ತಡೆಯಲಾಗಲಿಲ್ಲ. ಅಕ್ಕನಿಗೆ ಹೇಗೆ ಮುಖ ತೋರಿಸುವುದು?

ಬಹಳ ಹೊತ್ತಿನ ಮೇಲೆ ಅಜ್ಜ ಕುಣಿಯಿಂದ ಮೇಲೇಳಲು ಕೈ ಚಾಚಿದ. ದಿನಾ ಅವನನ್ನು ಎಬ್ಬಿಸುತ್ತಿದ್ದವಳು ಅವಳೇ. ಕೈ ಕೊಡಲು ಹೋದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು. ಅಂಗೈ ತುಂಬ ಎಣ್ಣೆಯಿತ್ತು.

ಉಳಿದಿದ್ದ ಬೂದಿಯನ್ನು ಎರಡೂ ಅಂಗೈಗೆ ತಿಕ್ಕಿಕೊಂಡಳು. ಬೆರಳ ಸಂದಿಗೂ ತಿಕ್ಕಿದಳು. ಆಮೇಲೆ ಅಜ್ಜನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.