ಕೆಂಪು ನಕ್ಷತ್ರವನ್ನು ನೋಡುವ ರೀತಿ

ಅವಳು ತಾರಾಲಯದ ಮೆಟ್ಟಿಲು ಹತ್ತಿ ಬಂದದ್ದು ಜಗಳಕ್ಕೆಂದೇ.

"ನನ್ನ ಅಂಕಿಗಳನ್ನ ತಡೆಹಿಡಿದಿರೋದು ನೀವೇನಾ?"

ಕಂಪ್ಯೂಟರ್ ಮುಂದೆ ಕೂತಿದ್ದವನು ಎದ್ದು ನಿಂತ. ಆಸಕ್ತರು ತಮ್ಮ ತಮ್ಮ ಮನೆಯ ಮಹಡಿಯಿಂದ ಬೈನಾಕ್ಯುಲರ್‌ನಲ್ಲಿ ನೋಡಿ ಕಳಿಸುವ ನಕ್ಷತ್ರಗಳ ಹೊಳಪಿನ ಅಂದಾಜುಗಳನ್ನು ಪರಿಶೀಲಿಸುವುದು ಅವನ ಕೆಲಸ. ಪ್ರತಿ ಅಂಕಿಯನ್ನೂ ತೂಗಿ ನೋಡುತ್ತಾನೆಂದು ಅವರೆಲ್ಲ ಅವನಿಗೆ 'ತಕ್ಕಡಿ' ಎಂದು ಹೆಸರಿಟ್ಟಿದ್ದರು.

"ತಡೆಹಿಡಿದಿಲ್ಲ, ಪಕ್ಕಕ್ಕಿಟ್ಟಿದ್ದೀನಿ. ಕೂತ್ಕೊಳ್ಳಿ."

"ಎರಡೂ ಒಂದೇ."

ಅವನು ಹೆಸರು ಕೇಳಿಕೊಂಡು, ಅವಳ ಅಂಕಿಗಳನ್ನು ತೆರೆದು ಪರದೆ ತಿರುಗಿಸಿದ. ಕೆಂಪು ನಕ್ಷತ್ರವೊಂದರ ಹೊಳಪು ಏರಿಳಿದ ಗೆರೆ ಅಲ್ಲಿತ್ತು. ಎಲ್ಲರ ಚುಕ್ಕಿಗಳೂ ಗೆರೆಯ ಆಸುಪಾಸಿನಲ್ಲಿದ್ದವು. ಅವಳವು ಮಾತ್ರ ಸ್ವಲ್ಪ ಮೇಲೆ, ಸಾಲು ತಪ್ಪದೆ.

"ಬೇರೆ ನಕ್ಷತ್ರಗಳಲ್ಲಿ ನಿಮ್ಮ ಅಂದಾಜು ಸರಿಯಾಗಿದೆ. ಇದೊಂದು ಮಾತ್ರ ನಿಮಗೆ ಎಲ್ಲರಿಗಿಂತ ಹೆಚ್ಚು ಹೊಳೆಯುತ್ತೆ. ಕಾರಣ ಗೊತ್ತಾಗದೆ ವರದಿಗೆ ಸೇರಿಸೋ ಹಾಗಿಲ್ಲ."

ಅವಳು ಕೃತಕ ಹಲ್ಲು ತಯಾರಿಸುವ ಲ್ಯಾಬಿನ ಟೆಕ್ನೀಷಿಯನ್. "ಪಕ್ಕದ ಹಲ್ಲಿಗೆ ಬಣ್ಣ ಹೊಂದಿಸೋದೇ ನನ್ನ ಹೊಟ್ಟೆಪಾಡು. ನನ್ನ ಕಣ್ಣು ಸರಿಯಿಲ್ಲ ಅಂತೀರಾ?"

"ಕಣ್ಣಿನ ಬಗ್ಗೆ ನಾನೊಂದು ಮಾತೂ ಆಡಿಲ್ಲ," ಎಂದವನು ಆ ಕಣ್ಣುಗಳನ್ನೊಮ್ಮೆ ನೋಡಿ, ಥಟ್ಟನೆ ಕೀಬೋರ್ಡಿನತ್ತ ತಿರುಗಿದ. "ಶನಿವಾರ ಸಂಜೆ ಸಾರ್ವಜನಿಕರಿಗೆ ಆಕಾಶ ತೋರಿಸ್ತೀವಿ. ಬನ್ನಿ. ನೀವು ಹೇಗೆ ನೋಡ್ತೀರೋ ನಾನೂ ನೋಡ್ಬೇಕು."

ಶನಿವಾರ ಅವಳು ಮನೆಯಿಂದ ಹೊರಟಾಗ ಅತ್ತಿಗೆ ಬಾಗಿಲಲ್ಲೇ ತಡೆದಳು. "ನಕ್ಷತ್ರ ನೋಡೋಕೆ ಇಸ್ತ್ರಿ ಮಾಡಿದ ಕುರ್ತಾ ಯಾಕಮ್ಮ?"

"ಜಗಳಕ್ಕೆ ಹೋಗ್ತಿದೀನಿ, ಅತ್ತಿಗೆ."

"ಓಹೋ! ಜಗಳಕ್ಕೆ ಹೊಸ ಓಲೆನೂ ಬೇಕಾ?"

ತಾರಾಲಯದ ಮಹಡಿಯ ಮೇಲೆ, ದೊಡ್ಡ ದೂರದರ್ಶಕದ ಮುಂದೆ ಶನಿಯ ಉಂಗುರ ನೋಡುವವರ ಸಾಲಿತ್ತು. ಅವರಿಬ್ಬರು ಇನ್ನೊಂದು ಮೂಲೆಯಲ್ಲಿ ನಿಂತರು. ವೀಕ್ಷಕರಲ್ಲಿ ಒಂದು ನಿಯಮವಿದೆ: ತನ್ನ ಅಂದಾಜು ಮುಗಿಯುವವರೆಗೆ ಇನ್ನೊಬ್ಬರದನ್ನು ಕೇಳಬಾರದು. ಕೇಳಿದರೆ ಕಣ್ಣು ಅದನ್ನೇ ಕಾಣುತ್ತದೆ. ಹಾಗಾಗಿ ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಹೇಳುವುದೆಂದಾಯಿತು.

ಅವಳು ಬೈನಾಕ್ಯುಲರ್ ಎತ್ತಿದಳು. ಹೊಳಪು ಮೊದಲೇ ಗೊತ್ತಿರುವ, ಹೋಲಿಕೆಗೆಂದು ನೋಡುವ ನಕ್ಷತ್ರಗಳ ಮೇಲೆ ಅದು ಚಕಚಕನೆ ಓಡಾಡಿತು. ಕೆಂಪು ನಕ್ಷತ್ರಕ್ಕೆ ಬಂದದ್ದು ಅಲ್ಲೇ ನಿಂತುಬಿಟ್ಟಿತು.

"ಹಲ್ಲಿನ ಬಣ್ಣ ಎಷ್ಟು ಹೊತ್ತು ನೋಡ್ತೀರಿ?" ಎಂದು ಅವನು ಕೇಳಿದ.

"ಒಂದೇ ನೋಟ. ಜಾಸ್ತಿ ನೋಡಿದ್ರೆ ಕಣ್ಣು ದಣಿದು ಮೋಸ ಹೋಗುತ್ತೆ."

"ಮತ್ತೆ ಇದನ್ನ?"

ಅವಳು ಬೈನಾಕ್ಯುಲರ್ ಇಳಿಸಿದಳು. "ಇದು ಹಲ್ಲಲ್ವಲ್ಲ. ಇಷ್ಟ ಆಗುತ್ತೆ. ಅದಕ್ಕೇ ನೋಡ್ತಾ ಇರ್ತೀನಿ."

"ಸಿಕ್ತು!" ಅವನು ನಕ್ಕ. "ಕತ್ತಲಲ್ಲಿ ಕೆಂಪು ನಕ್ಷತ್ರವನ್ನ ದಿಟ್ಟಿಸಿದಷ್ಟೂ ಹೊಳಪು ಜಾಸ್ತಿಯಾದ ಹಾಗೆ ಕಾಣುತ್ತೆ. ಕಣ್ಣು ಹಾಯಿಸಿ ತೆಗೆದುಬಿಡಬೇಕು."

ಅವಳು ಹಾಗೇ ಮಾಡಿದಳು. ಮೂರು ಎಣಿಸಿ ಇಬ್ಬರೂ ಹೇಳಿದರು. ಒಂದು ದಶಾಂಶದ ವ್ಯತ್ಯಾಸ. ಅಷ್ಟು ಎಲ್ಲರಲ್ಲೂ ಇರುವಂಥದ್ದೇ.

ಅಂದಾಜು ಸರಿಬಂದ ಖುಷಿ ಅವಳ ಮುಖದಲ್ಲಿ ಇರಲಿಲ್ಲ. "ಹಾಗಾದ್ರೆ ಎರಡು ವರ್ಷ ಚಳಿಯಲ್ಲಿ ನಿಂತು ನೋಡಿದ್ದೆಲ್ಲ ಕಸದ ಬುಟ್ಟಿಗಾ?"

"ಯಾಕೆ? ಪ್ರತಿ ಸಲ ಒಂದೇ ಅಳತೆಗೆ ತಪ್ಪಿದೆ. ಅಂಕಿಗಳನ್ನ ತಿದ್ದದೆ ವರದಿಗೆ ಸೇರಿಸ್ತೀನಿ, ಪಕ್ಕದಲ್ಲಿ ಕಾರಣ ಬರೀತೀನಿ. ಲೆಕ್ಕ ಮಾಡೋರು ಅಷ್ಟನ್ನ ಕಳೆದುಕೊಳ್ತಾರೆ."

"ಏನಂತ ಬರೀತೀರಿ?"

"ವೀಕ್ಷಕರು ದಿಟ್ಟಿಸಿ ನೋಡ್ತಾರೆ ಅಂತ."

"ಪರಿಶೀಲಕರು ಕಣ್ಣು ಹಾಯಿಸಿ ತೆಗೀತಾರೆ ಅಂತಾನೂ ಸೇರಿಸಿ. ಮೊನ್ನೆಯಿಂದ ಗಮನಿಸ್ತಿದೀನಿ. ನನ್ನನ್ನ ಒಂದು ಸಲ ನೋಡ್ತೀರಿ, ಆಮೇಲೆ ಕೀಬೋರ್ಡು."

ಕತ್ತಲಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡ ಅವನು. "ದಿಟ್ಟಿಸಿದ್ರೆ ಅಂದಾಜು ತಪ್ಪುತ್ತೇನೋ ಅಂತ ಭಯ."

"ಹಾಗಾದ್ರೆ ಅದನ್ನೂ ಒಟ್ಟಿಗೇ ಹೇಳಿಬಿಡೋಣ. ಮನಸ್ಸಲ್ಲಿ ಇರೋದನ್ನ. ಒಂದು... ಎರಡು... ಮೂರು!"

"ನಿಮ್ಮನ್ನ ಕಂಡ್ರೆ ನಂಗಿಷ್ಟ," ಎಂದ ಅವನು.

ಅವಳು ತುಟಿ ಬಿಚ್ಚಲೇ ಇಲ್ಲ.

"ಇದು ಮೋಸ! ಇನ್ನೊಬ್ಬರದನ್ನ ಮೊದಲೇ ಕೇಳಿಸ್ಕೋಬಾರದು ಅಂತ ನಿಯಮ ಇದೆ."

"ಅದು ನಕ್ಷತ್ರಕ್ಕೆ."

ಅವಳು ಬೈನಾಕ್ಯುಲರನ್ನು ಕೊರಳಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ತಿರುಗಿ ಅವನ ಮುಖ ನೋಡಿದಳು. ಅವನೂ ಈ ಸಲ ಕಣ್ಣು ತೆಗೆಯಲಿಲ್ಲ.

"ನಿಮ್ಮ ಅಂದಾಜು?" ಎಂದು ಮೆಲ್ಲಗೆ ಕೇಳಿದ.

"ತಡೀರಿ," ಎಂದಳು ಅವಳು. "ಇನ್ನೂ ನೋಡ್ತಾ ಇದೀನಿ."