ಪೇಢಾಳ ಕಾಲುಪಟ್ಟಿ

"ಬಲ ಮುಂಗಾಲಿನ ಬೆರಳುಸಂದಿಯಲ್ಲಿ ಬೂಷ್ಟು. ಸ್ನಾನದ ನಂತರ ಸರಿಯಾಗಿ ಒರೆಸಿಲ್ಲ," ಎಂದು ನಾಯಿಯ ಕಾಲಿಗೆ ಕಟ್ಟಿದ ಪಟ್ಟಿ ಸ್ಪಷ್ಟವಾಗಿ ನುಡಿಯಿತು.

ಧಾರವಾಡದ ವಕೀಲ ಸಂಗಣ್ಣ ಪಟ್ಟಣಶೆಟ್ಟಿಯವರು ಬೆಚ್ಚಿಬಿದ್ದರು. "ಏನ್ರೀ ಡಾಕ್ಟರ, ನನ್ನ ಮನ್ಯಾಗ ನನ್ನ ಮ್ಯಾಲೇ ಸಾಕ್ಷಿ ಹೇಳತೈತಲ್ಲ ಇದು!"

ಪಶುವಿಜ್ಞಾನಿ ವಾಗ್ದೇವಿ ಹೆಮ್ಮೆಯಿಂದ ನಕ್ಕಳು. ಆ ಕಾರಣಶೋಧಕ ಪಟ್ಟಿ ಅವಳದೇ ಸೃಷ್ಟಿ. ನಾಯಿ ಅತಿಯಾಗಿ ಕಾಲು ನೆಕ್ಕುವುದಕ್ಕೆ ಮುಳ್ಳು, ಬೂಷ್ಟು, ಒಗ್ಗದ ಆಹಾರ, ಕೀಲುನೋವು ಹೀಗೆ ಎಷ್ಟೋ ಕಾರಣಗಳಿರುತ್ತವೆ. ಚರ್ಮದ ತೇವ, ವಾಸನೆ, ನಾಡಿಬಡಿತಗಳನ್ನು ಅಳೆದು ಪಟ್ಟಿ ನಿಜವಾದ ಕಾರಣವನ್ನು ಹೇಳುತ್ತಿತ್ತು.

ಸಂಗಣ್ಣನವರಿಗೆ ಅದು ಕೊನೆಯ ಆಸೆ. ಅವರ ಕಂದುಬಣ್ಣದ ನಾಯಿ ಪೇಢಾ ನೆಕ್ಕಿ ನೆಕ್ಕಿ ಕಾಲನ್ನು ಹುಣ್ಣು ಮಾಡಿಕೊಂಡಿದ್ದಳು. ಕಹಿ ಔಷಧ ಹಚ್ಚಿದರೆ ಅದನ್ನೂ ನೆಕ್ಕಿದಳು; ಕಾಲುಚೀಲ ತೊಡಿಸಿದರೆ ಅದನ್ನೇ ತಿಂದಳು. ಹುಣ್ಣು ಮಾಯದಿದ್ದರೆ ಬೆರಳನ್ನು ಕತ್ತರಿಸಲೇಬೇಕೆಂದು ವೈದ್ಯರು ಹೇಳಿಬಿಟ್ಟಿದ್ದರು.

ಮುಲಾಮಿನಿಂದ ಬೂಷ್ಟು ಹೋಯಿತು. ನೆಕ್ಕುವುದು ಹೋಗಲಿಲ್ಲ. "ದೇಹದಲ್ಲಿ ಕಾರಣವಿಲ್ಲ. ಬೇಸರ," ಎಂದಿತು ಪಟ್ಟಿ.

"ಬ್ಯಾಸರಕ್ಕ ಏನ್ ಔಷಧ ಕೊಡ್ತೀರಿ?" ಎಂದರು ವಕೀಲರು.

"ನಿಮ್ಮನ್ನೇ ಕೊಡ್ತೀನ್ರಿ," ಎಂದಳು ವಾಗ್ದೇವಿ. ಅವಳು ಪಟ್ಟಿಗೆ ಹೊಸ ಕೆಲಸ ಕಲಿಸಿದಳು: ನಾಯಿ ಬೇಸರಕ್ಕೆ ನೆಕ್ಕಲು ತೊಡಗಿದ ಕೂಡಲೇ ಪಟ್ಟಿಯೇ ಯಜಮಾನನಿಗೆ ಫೋನು ಮಾಡಿ ಮನೆಗೆ ಬರಹೇಳುತ್ತಿತ್ತು. ಅವಳ ಬುದ್ಧಿವಂತಿಕೆಯ ಶಿಖರವೆಂದರೆ ಅದೇ, ಅವಳ ಲೆಕ್ಕದಲ್ಲಿ.

ಪಟ್ಟಿ ಊರೆಲ್ಲ ಹಬ್ಬಿತು. ಇನ್ನು ಮುಂದೆ ಈ ಊರಿನ ಯಾವ ನಾಯಿಯೂ ಬೇಸರಕ್ಕೆ ಕಾಲು ನೆಕ್ಕದು ಎಂದು ವಾಗ್ದೇವಿ ವಿಜ್ಞಾನಿಗಳ ಸಭೆಯಲ್ಲಿ ಸಾರಿಯೂ ಬಿಟ್ಟಳು. ಆಮೇಲೆ ನೋಡಿದರೆ ಕರೆಗಳು ಇಳಿಯುವ ಬದಲು ಏರುತ್ತಿದ್ದವು. ನೆಕ್ಕಿದರೆ ಯಜಮಾನ ಓಡಿ ಬರುತ್ತಾನೆಂಬುದನ್ನು ನಾಯಿಗಳು ಕಲಿತುಬಿಟ್ಟಿದ್ದವು! ಕಾಯಿಲೆ ವಾಸಿ ಮಾಡಲು ಹೊರಟ ಮಹಾವಿಜ್ಞಾನಿ ನಾಯಿಗಳಿಗೆ ಕರೆಗಂಟೆ ಕಟ್ಟಿಕೊಟ್ಟಿದ್ದಳು. ಇಷ್ಟು ಓದಿದವಳಿಗೆ ಇಷ್ಟೂ ಹೊಳೆಯಲಿಲ್ಲವೇ ಎಂದು ತನ್ನನ್ನೇ ಬೈದುಕೊಳ್ಳುತ್ತ, ಎಲ್ಲರಿಗಿಂತ ಹೆಚ್ಚು ಕರೆ ಹೋಗುತ್ತಿದ್ದ ಸಂಗಣ್ಣನವರ ಮನೆಗೆ ಹೋದಳು. ಕ್ಷಮೆ ಕೇಳಿ ಪಟ್ಟಿ ಬಿಚ್ಚಿಕೊಂಡು ಬರಬೇಕಿತ್ತು. ಪೇಢಾಳ ಬೆರಳು ಉಳಿದಿದೆಯೇ ಎಂದು ಕೇಳುವ ಧೈರ್ಯವೇ ಅವಳಿಗಿರಲಿಲ್ಲ.

ಕಾಲನ್ನು ಕೈಗೆತ್ತಿಕೊಂಡವಳು ದಂಗಾದಳು. ಹುಣ್ಣು ಒಣಗಿ, ಬೆರಳ ಮೇಲೆ ಹೊಸ ಕೂದಲು ಬಂದಿತ್ತು.

"ಮತ್ತ ಇಷ್ಟೊಂದು ಕರೆ ಹೆಂಗ ಬರ್ತಾವ್ರಿ?"

ಸಂಗಣ್ಣನವರು ಫೋನು ಹಿಡಿದು ಎದ್ದು ಅಂಗಳಕ್ಕೆ ಹೋದರು. ಪೇಢಾ ಕಾಲಿಗೆ ಒಂದೇ ಒಂದು ಸಲ ನಾಲಿಗೆ ತಾಗಿಸಿ ಬಾಗಿಲ ಕಡೆ ನೋಡಿದಳು. ಹೊರಗೆ ಫೋನು ಬಡಿದುಕೊಂಡಿತು. ವಕೀಲರು ನಗುತ್ತ ಒಳಗೆ ಬಂದರು.

ಮೊದಲು ತಾಸುಗಟ್ಟಲೆ ನೆಕ್ಕಿದರೂ ಯಾರೂ ಬರುತ್ತಿರಲಿಲ್ಲ. ಈಗ ಒಮ್ಮೆ ನೆಕ್ಕಿದರೆ ಸಾಕಿತ್ತು. ತಾನು ಸೋತೇ ಗೆದ್ದಿದ್ದೇನೆಂದು ವಾಗ್ದೇವಿಗೆ ಆಗ ತಿಳಿಯಿತು. ಇದನ್ನು ಆ ಸಭೆಗೆ ಹೇಗೆ ವಿವರಿಸುವುದೆಂಬುದು ಮಾತ್ರ ತಿಳಿಯಲಿಲ್ಲ.

"ಗಾಯ ಮಾಯ್ದೈತಿ. ಪಟ್ಟಿ ಬಿಚ್ಚಲೇನ್ರಿ?"

"ಬ್ಯಾಡ್ರಿ," ಎಂದರು ಸಂಗಣ್ಣನವರು ಗಾಬರಿಯಿಂದ. "ಕೋರ್ಟು ಮುಗಿದ ಮ್ಯಾಲೂ ಕ್ಲಬ್ಬಿನ್ಯಾಗ ಸುಮ್ನ ಕುಂತಿರ್ತಿದ್ದೆ. ಮನಿಗೆ ಬಾ ಅಂತ ನನಗ ಫೋನ್ ಮಾಡಾವ್ರು ಮತ್ತ ಯಾರದಾರ ಹೇಳ್ರಿ?"

ವಾಗ್ದೇವಿ ಪಟ್ಟಿಯ ಮೇಲಿಂದ ಕೈ ತೆಗೆದಳು. ತನ್ನ ಫೋನಿಗೆ ಪ್ರಯೋಗಾಲಯದಿಂದಲ್ಲದೆ ಬೇರೆಲ್ಲಿಂದಲಾದರೂ ಕರೆ ಬಂದು ಎಷ್ಟು ಕಾಲವಾಯಿತೆಂದು ಯೋಚಿಸಿದಳು. ಆಮೇಲೆ ಪೇಢಾಳ ಪಕ್ಕದಲ್ಲಿ ಕುಳಿತು, ಪಟ್ಟಿಯಲ್ಲಿ ವಕೀಲರ ಸಂಖ್ಯೆಯ ಕೆಳಗೆ ತನ್ನದನ್ನೂ ಸೇರಿಸಿದಳು.

"ಇದ್ಯಾಕ್ರೀ?"

"ವೈಜ್ಞಾನಿಕ ಪರೀಕ್ಷೆಗೆ," ಎಂದಳು ವಾಗ್ದೇವಿ, ಮುಖ ಎತ್ತದೆ.